ಜರಿ ಸೆರಗಿನಡಿಯ ಚೀಟಿ

ನನಗೆ ನನ್ನ ಭಾವನನ್ನು ಕಂಡರೆ ಆಗುವುದಿಲ್ಲ. ಅಕ್ಕನ ಗಂಡ ಎಂದು ಇಷ್ಟು ವರ್ಷ ಹಲ್ಲು ಕಚ್ಚಿ ಸುಮ್ಮನಿದ್ದೆ, ಇನ್ನು ಆ ನಾಟಕ ಸಾಕು. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಅವರದು ಸೀರೆಯ ಹೋಲ್‌ಸೇಲ್ ಅಂಗಡಿ, ಅವರ ಅಪ್ಪ ಗದಗಿನಿಂದ ಬಂದು ಹಾಕಿದ್ದು. ಭಾವ ಹುಟ್ಟಿದ್ದೇ ಅಲ್ಲಿ. ಕನ್ನಡ ಮನೆಯೊಳಗೆ ಮಾತ್ರ, ಅದೂ ಅರ್ಧ ತೆಲುಗು. ಮಾತಾಡುವಾಗ ಎದುರಿಗಿದ್ದವರ ಮುಖ ನೋಡುವುದಿಲ್ಲ, ಫೋನ್ ನೋಡುತ್ತಾರೆ. ಅವರು ಹೊಗಳಿದರೂ ಬೈದ ಹಾಗೆ ಕೇಳಿಸುತ್ತದೆ.

ಒಂದು ಗುರುವಾರ ಬೆಳಿಗ್ಗೆ, ವಿಶಾಖಪಟ್ಟಣದ ಮಧುರವಾಡದಲ್ಲಿ, ಆಫೀಸಿನ ಲಿಫ್ಟಿಗೆ ಕಾಯುತ್ತ ನಿಂತಿದ್ದಾಗ ಅವರ ಫೋನ್ ಬಂತು.

"ಮರದಲಾ, ನಿನ್ನ ಚಿಪ್ ಗೆದ್ದುಬಿಟ್ಟಿತು ಕದಾ," ಎಂದರು. ಹೆಂಡತಿಯ ತಂಗಿಯನ್ನು ತೆಲುಗಿನವರು ಮರದಲು ಎನ್ನುತ್ತಾರೆ, ಅಲ್ಲವೇ ಎನ್ನುವುದಕ್ಕೆ ಕದಾ. ಖುಷಿಯಲ್ಲಿದ್ದಾಗ ಮಾತ್ರ ಅವರು ನನ್ನನ್ನು ಹಾಗೆ ಕರೆಯುವುದು. "ಕಳ್ಳಿ ಸಿಕ್ಕಳು."

"ಯಾರ್ರೀ ಕಳ್ಳಿ?"

"ಇನ್ಯಾರು, ನಮ್ಮ ಚಿಗವ್ವ. ಹದಿನೇಳು ರೇಷ್ಮೆ ಸೀರೆ. ಮೂವತ್ತು ವರ್ಷ ಮನೆಯವಳು ಅಂತ ಇಟ್ಕೊಂಡ್ವಿ, ನೋಡು."

ಚಿಗವ್ವ ಎಂದರೆ ಅಂಗಡಿಯಲ್ಲಿ ಸೀರೆ ಮಡಚುವವಳು. ಭಾವನ ತಾಯಿಗೆ ದೂರದ ಸಂಬಂಧ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಬೆಟಗೇರಿಯಿಂದ ಅವರ ಬೆನ್ನು ಹತ್ತಿ ಬಂದವಳು, ಪಟಮಟದಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದಳು. ದಿನಾ ಸಿಟಿ ಬಸ್ಸಿನಲ್ಲಿ ಬಂದು ಅಂಗಡಿಯ ಹಿಂಭಾಗದ ಚಾಪೆಯ ಮೇಲೆ ಕೂತು, ಗಿರಾಕಿಗಳು ಬಿಚ್ಚಿ ಬಿಸಾಕಿದ ಸೀರೆಗಳನ್ನು ಮತ್ತೆ ಹೊಸದರಂತೆ ಮಾಡುತ್ತಿದ್ದಳು. ತೆಲುಗಿನ ಸೇಲ್ಸ್‌ಮನ್‌ಗಳೂ ಅವಳಿಗೆ ಚಿಗವ್ವಗಾರು ಅನ್ನುತ್ತಿದ್ದರು. ಅವಳನ್ನು ರೇಷ್ಮೆ ಸೀರೆಗಳ ನಡುವೆ ಒಬ್ಬಳನ್ನೇ ಬಿಟ್ಟು ಊಟಕ್ಕೆ ಹೋಗಬಹುದು ಎಂಬುದು ಆ ಬೀದಿಗೆಲ್ಲ ಗೊತ್ತಿದ್ದ ಮಾತು. ಮದುವೆಯ ದಿನಗಳಲ್ಲಿ ಅಕ್ಕಪಕ್ಕದ ಅಂಗಡಿಯವರೂ ಅವಳನ್ನು ಕರೆಯುತ್ತಿದ್ದದ್ದು ಆ ಹೆಸರಿಗಾಗಿ. ಆ ಹೆಸರು ಬಿಟ್ಟರೆ ಅವಳ ಹತ್ತಿರ ಬೇರೆ ಏನೂ ಇರಲಿಲ್ಲ.

ಇದರಲ್ಲಿ ನನ್ನ ಚಿಪ್ ಎಲ್ಲಿಂದ ಬಂತು ಅಂತ ಹೇಳಬೇಕು. ನನ್ನ ಗಂಡ ನೌಕಾಪಡೆಯಲ್ಲಿದ್ದಾರೆ, ಅದಕ್ಕೇ ನಾವು ವಿಶಾಖಪಟ್ಟಣದಲ್ಲಿರುವುದು. ಅವರು ಸಮುದ್ರದ ಮೇಲೆ, ನಾನು ಮಧುರವಾಡದ ಒಂದು ಏಳನೆಯ ಮಹಡಿಯಲ್ಲಿ. ಅಲ್ಲಿ ನಾವು ಪರದೇಶದ ಕಂಪನಿಗಳಿಗೆ ಮಾರುಕಟ್ಟೆ ವರದಿ ಬರೆಯುತ್ತೇವೆ. ಒಬ್ಬರಿಗೆ ರಬ್ಬರು, ಒಬ್ಬರಿಗೆ ಪೇಂಟು. ನನಗೆ ಸಿಕ್ಕಿದ್ದು ಮುದ್ರಿತ ಎಲೆಕ್ಟ್ರಾನಿಕ್ಸ್. ಅಂದರೆ ಕಾಗದದ ಮೇಲೆ, ತೆಳು ಪ್ಲಾಸ್ಟಿಕ್ಕಿನ ಮೇಲೆ ಅಕ್ಷರದಂತೆ ಅಚ್ಚು ಹೊಡೆಯುವ, ಬಾಗಿಸಿದರೂ ಮುರಿಯದ ಸರ್ಕ್ಯೂಟುಗಳು. ಆರ್‌ಎಫ್‌ಐಡಿ ಟ್ಯಾಗ್ ಕೂಡ ಅದೇ ಕುಲದ್ದು. ಸಾಸಿವೆ ಕಾಳಿಗಿಂತ ಸಣ್ಣ ಚಿಪ್, ಅದರ ಸುತ್ತ ಲೋಹದ ಗೆರೆ, ಒಟ್ಟು ಒಂದು ಚೀಟಿ. ರೀಡರ್ ಎಂಬ ಯಂತ್ರ ದೂರದಿಂದ ರೇಡಿಯೋ ಅಲೆ ಬಿಟ್ಟರೆ ಚೀಟಿ ತನ್ನ ನಂಬರು ಹೇಳುತ್ತದೆ. ಅದಕ್ಕೆ ಬ್ಯಾಟರಿ ಬೇಡ, ಕಣ್ಣಿಗೆ ಕಾಣುವಂತೆ ಎದುರಿಗೆ ಹಿಡಿಯುವುದೂ ಬೇಡ.

ಈ ಚೀಟಿಯ ಬಗ್ಗೆ ನಾನು ಬರೆದದ್ದಕ್ಕೆ ಲೆಕ್ಕವಿಲ್ಲ. ಬೆಳ್ಳಿಯ ಶಾಯಿ ಹೋಗಿ ತಾಮ್ರದ ಶಾಯಿ ಬರುತ್ತಿದೆ ಎಂದು ಬರೆದೆ. ಪ್ಲಾಸ್ಟಿಕ್ ಹಾಳೆಯ ಜಾಗಕ್ಕೆ ಕಾಗದ ಬರುತ್ತಿದೆ ಎಂದು ಬರೆದೆ. ಸೀಗಡಿ ಪೆಟ್ಟಿಗೆಗೆ ಅಂಟಿಸಿದರೆ ದಾರಿಯಲ್ಲಿ ತಂಪು ಕೆಟ್ಟದ್ದನ್ನು ಹೇಳುವ ಚೀಟಿ, ರೋಗಿಯ ಎದೆಗೆ ಅಂಟಿಸುವ ಪಟ್ಟಿ, ಎಲ್ಲವೂ ಬರುತ್ತಿವೆ ಎಂದೇ ಬರೆದೆ. ಟ್ಯಾಗ್ ಅಗ್ಗವಾಗುತ್ತಿದೆ, ಆದ್ದರಿಂದ ಬಟ್ಟೆ ಅಂಗಡಿಗಳೇ ಮುಂದಿನ ದೊಡ್ಡ ಗಿರಾಕಿ ಎಂದೂ ಬರೆದೆ. ಪ್ರತಿ ಚಿತ್ರದಲ್ಲೂ ಬಾಣ ಮೇಲಕ್ಕೇ. ಒಂದು ಸಲ ಬಾಣ ಸ್ವಲ್ಪ ಮಲಗಿದ್ದಕ್ಕೆ ಮ್ಯಾನೇಜರ್ ನನ್ನನ್ನು ಕರೆದು, ಮಲಗಿದ ಬಾಣವನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಮೇಡಂ ಎಂದು ಕೇಳಿದ್ದ. ಎಬ್ಬಿಸಿ ಕಳಿಸಿದೆ. ಟ್ಯಾಗನ್ನು ನಾನು ಕೈಯಲ್ಲಿ ಹಿಡಿದದ್ದು ಒಂದೇ ಬಾರಿ, ಗಂಡನಿಗೆಂದು ಮಾಲ್‌ನಲ್ಲಿ ಕೊಂಡ ಪ್ಯಾಂಟಿನೊಳಗೆ ಇತ್ತು. ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದೆ.

ಸಂಕ್ರಾಂತಿಗೆ ಪಟಮಟದ ಅಕ್ಕನ ಮನೆಗೆ ಹೋದಾಗ ಭಾವ ಎಂದಿನಂತೆ ಕುಟುಕಿದರು. "ಎಸಿಯಲ್ಲಿ ಕೂತು ದಿನಾ ಏನು ಬರೀತಿ ಮಾ? ಅದರಿಂದ ಯಾರಿಗೇನು ಉಪಯೋಗ, ಒಂದು ಹೇಳು." ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಅವರ ಬಾಯಿ ಮುಚ್ಚಿಸಲೆಂದು ವರದಿಯ ಒಂದು ಪುಟದ ಸಾರಾಂಶವನ್ನು ಅವರ ಫೋನಿಗೆ ಕಳಿಸಿದೆ. ಓದಿ ನೋಡ್ರಿ, ದೊಡ್ಡ ದೊಡ್ಡ ಕಂಪನಿಯವರು ರೊಕ್ಕ ಕೊಟ್ಟು ಓದ್ತಾರ ಅಂದೆ. ಅವರು ಓದಿದರು. ಯುಗಾದಿಯ ಹೊತ್ತಿಗೆ ಯಾರೋ ಮಾರಾಟಗಾರನನ್ನು ಕರೆಸಿ ಅಂಗಡಿಯ ಕೆಲಸದವರಿಂದ ಪ್ರತಿ ಸೀರೆಗೂ ಟ್ಯಾಗ್ ಹಾಕಿಸಿದರು. ಅದಕ್ಕೂ ಮುಂಚೆ ತಿಂಗಳಿಗೊಮ್ಮೆ ಚಿಗವ್ವನೇ ಕೈಯಿಂದ ಎಣಿಸುತ್ತಿದ್ದಳು. ಆ ಪದ್ಧತಿ ಅವತ್ತಿಗೆ ನಿಂತಿತು.

ಶುಕ್ರವಾರ ರಜೆ ಹಾಕಿ ಬೆಳಗಿನ ರೈಲು ಹತ್ತಿದೆ. ಚಿಗವ್ವನ ಮೇಲಿನ ನಂಬಿಕೆಯಿಂದ ಓಡಿಹೋದೆ ಎಂದು ಈಗ ಹೇಳಿಕೊಳ್ಳಬಹುದಿತ್ತು. ಹಾಗಲ್ಲ. ಭಾವ ಗೆದ್ದ ದನಿಯಲ್ಲಿ ಮಾತಾಡಿದ್ದನ್ನು ಸಹಿಸಲಾಗದೆ ಹೋದೆ. ದಾರಿಯುದ್ದಕ್ಕೂ, ಬಡತನ ಏನು ಬೇಕಾದರೂ ಮಾಡಿಸುತ್ತದೆ, ವಯಸ್ಸಾದ ಮೇಲೆ ಮನಸ್ಸು ಹೇಗಿರುತ್ತದೋ ಏನೋ ಎಂದೆಲ್ಲ ಅಂದುಕೊಂಡೆ. ಅಂದರೆ ಅವಳು ಕದ್ದಿದ್ದಾಳೆ ಎಂದು ನಾನೂ ನಂಬಿಬಿಟ್ಟಿದ್ದೆ. ನಾನೇ ಬರೆದದ್ದನ್ನು ನಾನು ನಂಬದೆ ಇನ್ಯಾರು ನಂಬಬೇಕು.

ಅಂಗಡಿ ತಲುಪಿದಾಗ ಮಧ್ಯಾಹ್ನ ದಾಟಿತ್ತು. ಚಿಗವ್ವ ಬಾಗಿಲ ಹತ್ತಿರ, ಗಿರಾಕಿಗಳು ಚಪ್ಪಲಿ ಬಿಡುವಲ್ಲಿ, ಒಂದು ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿದ್ದರು. ಗಲ್ಲಾದಲ್ಲಿ ಅಕ್ಕ ಇದ್ದಳು, ನನ್ನನ್ನು ನೋಡಿ ತಲೆ ತಗ್ಗಿಸಿದಳು. ಭಾವ ಒಂದು ಕಾಗದ ಹಿಡಿದುಕೊಂಡು ನಿಂತಿದ್ದರು.

"ಪೊಲೀಸ್ ಗಿಲೀಸ್ ಏನೂ ಬೇಡ," ಎಂದರು ನನಗೆ. "ತಗೊಂಡೆ ಅಂತ ಇದರ ಮೇಲೆ ಒಂದು ಸಹಿ ಹಾಕಿದರೆ ಸಾಕು. ಸುಮ್ಮನೆ ಬಿಟ್ಟುಬಿಡ್ತೀನಿ. ಈ ವಯಸ್ಸಲ್ಲಿ ಹಟ ನೋಡು."

"ನಾ ತಗೊಂಡಿಲ್ಲ," ಎಂದಳು ಚಿಗವ್ವ. ಜಗಳದ ದನಿಯೇನೂ ಅಲ್ಲ. ಬೆಳಿಗ್ಗೆಯಿಂದ ಅದನ್ನೇ ಹೇಳಿ ಹೇಳಿ ದನಿ ಸವೆದಿತ್ತು.

"ಮೆಷಿನ್‌ಗೆ ನಿನ್ನ ಮೇಲೆ ಏನು ದ್ವೇಷವಾ?" ಎಂದು ಭಾವ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಹದಿನೇಳು ನಂಬರುಗಳು ಕೆಂಪಾಗಿದ್ದವು. ಪ್ರತಿ ನಂಬರಿನ ಎದುರು ಅದು ರೀಡರಿಗೆ ಕೊನೆಯ ಬಾರಿ ಕಂಡ ಜಾಗ: ಮಡಚುವ ಚಾಪೆ. "ಚಾಪೆಗೆ ಬಂದಿವೆ. ಚಾಪೆಯಿಂದ ಎಲ್ಲಿಗೂ ಹೋಗಿಲ್ಲ. ಮತ್ತೆ ಗಾಳಿಯಲ್ಲಿ ಕರಗಿದವಾ?"

ರೀಡರ್ ಕೇಳಿ ತೆಗೆದುಕೊಂಡೆ. ಹಿಡಿಕೆಯಿರುವ, ಪಿಸ್ತೂಲಿನಂಥ ಯಂತ್ರ. ಕಾಟನ್ ಸೀರೆಗಳ ಕಪಾಟಿಗೆ ಹಿಡಿದರೆ ಒಂದೇ ಸಮ ಚಿಲಿಪಿಲಿ ಎಂದಿತು. ಸಣ್ಣ ಅಂಚಿನ ರೇಷ್ಮೆಗೂ ಅಂದಿತು. ದೊಡ್ಡ ಜರಿಯ ಮದುವೆ ಸೀರೆಗಳ ಕಪಾಟಿನ ಮುಂದೆ ಅಲ್ಲೊಂದು ಇಲ್ಲೊಂದು ದನಿ ಬಂದು ನಿಂತಿತು. ಕೆಂಪು ನಂಬರುಗಳ ವಿವರ ನೋಡಿದೆ. ಹದಿನೇಳೂ ಅಗಲ ಸೆರಗಿನ ಮದುವೆ ಸೀರೆಗಳು.

"ಚಿಗವ್ವಾ," ಎಂದೆ, "ಮದಿವಿ ಸೀರಿಗೆ ಆ ಚೀಟಿ ಎಲ್ಲಿಡ್ತಿದ್ದಿ ನೀ?"

"ಸೆರಗಿನ ಒಳಗ. ಮತ್ತೆಲ್ಲಿ ಇಡ್ಲಿ?" ಎಂದಳು. "ಚೀಟಿ ಮಾರಾಕ ಬಂದಾಂವ ಮ್ಯಾಲೆ ಇಡ್ರಿ ಅಂದಿದ್ದ. ಮದುಮಗಳ ಮುಂದ ಸೀರಿ ಹಾಸಿದ ಕೂಡ್ಲೆ ಕರೀ ಗೆರಿ ಚೀಟಿ ಕಂಡ್ರ ಅದನ್ನ ಯಾರು ಹೊಳ್ಳಿ ನೋಡ್ತಾರವ್ವ? ಉಡಿ ತುಂಬೂ ಸೀರಿ ಅವು. ಅದಕ್ಕ ನಡುವ ಇಟ್ಟು ಸೆರಗು ಎರಡು ಸುತ್ತು ಹಾಕಿ ಮಡಿಚಿದೆ. ಜರಿನೂ ಒಳಗ ಇರತೈತಿ, ಗಾಳಿ ಬಡದು ಕಪ್ಪಾಗಂಗಿಲ್ಲ."

ಉಳಿದವರು ಯಾರೂ ಅಷ್ಟು ಮುತುವರ್ಜಿ ಮಾಡಿರಲಿಲ್ಲ. ಹೇಗೆ ಬಂತೋ ಹಾಗೆ ಮೇಲೆ ತುರುಕಿದ್ದರು, ಅವೆಲ್ಲ ಎಣಿಕೆಗೆ ಸಿಕ್ಕಿದ್ದವು. ಅಸಲಿ ಜರಿ ಎಂದರೆ ಬೆಳ್ಳಿ, ತಾಮ್ರದ ತಂತಿ. ಅದರ ಎರಡು ಸುತ್ತಿನೊಳಗೆ ಚೀಟಿ ಕೂತರೆ ರೇಡಿಯೋ ಅಲೆ ಒಳಗೆ ಹೋಗುವುದಿಲ್ಲ, ಹೋದರೂ ಉತ್ತರ ಹೊರಗೆ ಬರುವುದಿಲ್ಲ. ಚಾಪೆಯ ಮೇಲೆ ಬಿಚ್ಚಿದ್ದಾಗ ನಂಬರು ಹೇಳಿದ ಚೀಟಿ ಮಡಚಿದ ಮೇಲೆ ಮೂಕವಾಗಿತ್ತು. ಇದು ನನಗೆ ಗೊತ್ತಿತ್ತು. ರೈಲಿನಲ್ಲಿ ಆರು ಗಂಟೆ ಕೂತಿದ್ದರೂ ಒಮ್ಮೆಯೂ ನೆನಪಾಗಿರಲಿಲ್ಲ ಎಂದರೆ ನನ್ನ ತಿಳಿವಳಿಕೆಗೆ ಬೆಂಕಿ ಬೀಳಲಿ.

ಕಪಾಟಿನಿಂದ ಒಂದು ಸೀರೆ ಎಳೆದು ನೆಲದ ಮೇಲಿಟ್ಟೆ. ರೀಡರನ್ನು ಗೇಣಿನಷ್ಟು ಹತ್ತಿರ ಹಿಡಿದೆ. ಸದ್ದಿಲ್ಲ. ಸೆರಗಿನ ಎರಡು ಸುತ್ತು ಬಿಡಿಸಿದೆ. ಕೂಗಿತು. ಕಂಪ್ಯೂಟರಿನಲ್ಲಿ ಒಂದು ಕೆಂಪು ನಂಬರು ಹಸಿರಾಯಿತು. ಇನ್ನೊಂದು ಎಳೆದೆ. ಅಕ್ಕ ಗಲ್ಲಾ ಬಿಟ್ಟು ಬಂದು ನನ್ನ ಜೊತೆ ಕೂತು ಬಿಡಿಸತೊಡಗಿದಳು. ಹದಿನೇಳೂ ಆ ಕಪಾಟಿನಲ್ಲೇ ಇದ್ದವು. ಒಂದೇ ಒಂದು ಸೀರೆ ಆ ಅಂಗಡಿಯ ಹೊಸಿಲು ದಾಟಿರಲಿಲ್ಲ.

ಭಾವ ಫೋನ್ ತೆಗೆದು, ನಾನು ಕಳಿಸಿದ ಪುಟವನ್ನು ಹುಡುಕಿ, ಅದರ ಇಂಗ್ಲಿಷನ್ನು ಕನ್ನಡ ಮಾಡಿಕೊಂಡು ಓದಿದರು. "ಬಟ್ಟೆ ರಾಶಿಯ ಒಳಗೆ ಎಲ್ಲಿದ್ದರೂ ಪ್ರತಿ ಪೀಸೂ ತಪ್ಪದೆ ಎಣಿಕೆಗೆ ಸಿಗ್ತದೆ. ಇದು ಬರೆದಿದ್ದು ಯಾರು?"

"ನಾನ."

"ಜರಿ ಇದ್ದರೆ ಸಿಗಲ್ಲ ಅಂತ ಎಲ್ಲಿ ಬರೆದಿದ್ದಿ? ತೋರಿಸು."

"ಲೋಹದ ಹತ್ರ, ನೀರಿನ ಹತ್ರ ಇದು ಸರಿಯಾಗಿ ಕೆಲಸ ಮಾಡಂಗಿಲ್ಲ ಅಂತ ಬರದಿದ್ದೆ. ಆಮ್ಯಾಲೆ ತಗದೆ."

"ಯಾಕೆ?"

"ಒಂದು ಪುಟ ದಾಟ್ತಿತ್ತು."

ಮ್ಯಾನೇಜರ್ ಹೇಳಿದ ಎಂದು ಹೇಳಬಹುದಿತ್ತು. ಅವನು ಹೇಳಿರಲಿಲ್ಲ. ಹೇಳುತ್ತಾನೆ ಎಂದುಕೊಂಡು ನಾನೇ ಮುಂಚಿತವಾಗಿ ತೆಗೆದಿದ್ದೆ.

"ಬಾಗುಂದಿ," ಎಂದರು ಭಾವ, ಚೆನ್ನಾಗಿದೆ ಎನ್ನುವುದಕ್ಕೆ ತೆಲುಗು. "ನೀನು ಸುಳ್ಳು ಬರೆದು ಸಂಬಳ ತಗೋಬಹುದು. ನಂಬಿದ ನಾನು ಮೂರ್ಖ. ಅದನ್ನೂ ನೀನೇ ರೈಲು ಹತ್ತಿ ಬಂದು ಹೇಳ್ತಿ."

ಅವರು ಹೇಳಿದ್ದು ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೇ ನನಗೆ ಇನ್ನಷ್ಟು ಉರಿಯಿತು. "ನನ್ನ ತಪ್ಪು ನಂದು," ಎಂದೆ. "ಆದ್ರ ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗಾತಲ್ರೀ ನಿಮ್ಮದು. ಕಪಾಟು ಇಲ್ಲೇ ಐತಿ. ಒಂದು ಸೀರಿ ಬಿಚ್ಚಿ ನೋಡಾಕ ನಿಮ್ಮ ಕೈ ಸವೀತಿದ್ವೇನು? ಮೂವತ್ತು ವರ್ಷ ನೋಡಿದ ಮನಷ್ಯಾಳಿಗಿಂತ ಒಂದು ಪುಟ ಹೆಚ್ಚಾತೇನು?"

"ಮೆಷಿನ್ ಇಟ್ಕೊಂಡು ಕೈಯಲ್ಲಿ ಎಣಿಸಬೇಕಾ? ಹಾಗಾದರೆ ಮೆಷಿನ್ ಯಾಕೆ?"

"ಇಬ್ಬರೂ ಸುಮ್ಮನಿರ್ರಿ," ಎಂದಳು ಅಕ್ಕ. ಅವಳು ಗಂಡನ ಎದುರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಗ್ರೂಪಿಗೆ ಹಾಕಿದ್ದನ್ನ ಹೇಳ್ರಿ ಚಿಗವ್ವಗ."

ಬೀದಿಯ ಸೀರೆ ವ್ಯಾಪಾರಿಗಳದೊಂದು ವಾಟ್ಸಾಪ್ ಗ್ರೂಪ್ ಇದೆ. ಹಿಂದಿನ ದಿನ ಭಾವ ಅದಕ್ಕೆ ಚಿಗವ್ವನ ಫೋಟೋ ಹಾಕಿದ್ದರು. ಚಾಪೆಯ ಮೇಲೆ ಕೂತು, ಮಡಿಲಲ್ಲಿ ಸೀರೆ ಇಟ್ಟುಕೊಂಡು, ಕ್ಯಾಮರಾ ನೋಡಿ ಸ್ವಲ್ಪ ನಕ್ಕ ಫೋಟೋ. ಕೆಳಗೆ ತೆಲುಗಿನಲ್ಲಿ ಎರಡು ಮಾತು: ಈಕೆಯನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮುನ್ನ ಜೋಪಾನ, ಸರಕು ಹೋಗಿದೆ. ಎಲ್ಲರೂ ನೋಡಿದ್ದರು. ಕೆಲವರು ಕೈಮುಗಿದ ಗುರುತು ಹಾಕಿ ಥ್ಯಾಂಕ್ಸ್ ಹೇಳಿದ್ದರು. ಭಾವ ನಮ್ಮೆದುರಿಗೇ ಅದನ್ನು ಅಳಿಸಿದರು, ಅಳಿಸಿದ್ದಾರೆ ಎಂಬ ಸಾಲು ಉಳಿಯಿತು.

"ಸರಿ ಚಿಗವ್ವಾ, ಆದದ್ದು ಆಯ್ತು," ಎಂದರು, ಫೋನಿನಿಂದ ಕಣ್ಣೆತ್ತದೆ. "ಸೋಮವಾರದಿಂದ ಬಂದುಬಿಡು. ನಾನು ಏನೂ ಮನಸ್ಸಲ್ಲಿ ಇಟ್ಕೊಳ್ಳಲ್ಲ."

ಏನೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ, ಇವರು. ನನಗೆ ಕೈಯಲ್ಲಿದ್ದ ರೀಡರನ್ನು ಅವರ ಮೇಲೆ ಎಸೆಯುವಷ್ಟು ಸಿಟ್ಟು ಬಂತು.

ಚಿಗವ್ವ ಸ್ಟೂಲಿನಿಂದ ಎದ್ದಳು. "ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲಪ್ಪ," ಎಂದಳು. "ನೀ ಕೆಲಸ ಕೊಡೂದು ಆಮ್ಯಾಲೆ. ಈಗ ನನ್ನ ಕೂಡ ಹೊರಗ ಬಾ. ಯಾರ್ಯಾರಿಗೆ ಕಳಿಸಿದಿ, ಅವರ ಅಂಗಡಿ ಮುಂದ ನಿಂತು, ಈಕಿ ಕದ್ದಿಲ್ಲ ಅಂತ ಹೇಳು."

"ಗಿರಾಕಿ ಬರೋ ಹೊತ್ತು. ಗ್ರೂಪಲ್ಲೇ ಮೆಸೇಜ್ ಹಾಕ್ತೀನಿ ಕದಾ."

"ಬಾಯಿಲೆ ಹೇಳು."

ಭಾವ ಯಾರಿಗೋ ಫೋನ್ ಹಚ್ಚಿ ಲಾರಿಯ ವಿಷಯ ಮಾತಾಡತೊಡಗಿದರು. ನಾನು ಬರ್ತೀನಿ ಚಿಗವ್ವಾ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಾ ಹಂಗಾರ," ಎಂದಳು. "ಬರದಾಕಿ ನೀನ ಅಲ್ಲೇನು?"

ಆಟೋಗಳ ನಡುವೆ ದಾರಿ ಮಾಡಿಕೊಂಡು ಇಬ್ಬರೂ ನಡೆದೆವು. ಅವಳು ಮುಂದೆ, ನಾನು ಹಿಂದೆ. ಬೀದಿ ದಾಟುವಾಗ ಕೇಳಿದಳು. "ತಗದೆ ಅಂದ್ಯಲ್ಲ, ಅದು ಎಷ್ಟಿತ್ತು?"

"ಎರಡು ಸಾಲು."

"ಒಂದು ಸೀರಿ ಮಡಿಚೂದರಾಗ ನಾ ಎರಡು ಸಲ ಬಿಚ್ಚಿ ನೋಡ್ತೀನಿ," ಎಂದಳು. "ಎಲ್ಲ್ಯಾರ ಸುಕ್ಕು ಉಳಿದೀತು ಅಂತ."

ಮೊದಲನೆಯ ಅಂಗಡಿಯವನು ನಮ್ಮ ಮಾತನ್ನು ಪೂರ್ತಿ ಕೇಳಿಸಿಕೊಂಡ. ಅಯ್ಯೋ ಪಾಪ ಎಂದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ತೆಲುಗಿನಲ್ಲಿ, ಆ ಮೆಷಿನ್ ಎಲ್ಲಿ ಸಿಗುತ್ತದೆ, ನಿಮ್ಮ ಭಾವನಿಗೆ ಯಾರು ಹಾಕಿಕೊಟ್ಟರು ಎಂದು ವಿಚಾರಿಸಿದ. ಅದು ಸುಳ್ಳು ಹೇಳಿದ್ದಕ್ಕೇ ಈಕೆ ಹೀಗೆ ಬೀದಿಯಲ್ಲಿ ನಿಂತಿದ್ದಾಳೆ ಎಂದೆ. ಹೌದು ಹೌದು, ಆದರೆ ಅವರು ಅದನ್ನು ತೆಗೆಸುತ್ತಿಲ್ಲವಲ್ಲ ಎಂದ. ಎರಡನೆಯ ಅಂಗಡಿಯಲ್ಲಿ ಮಾಲೀಕ ಒಳಗಿದ್ದೂ ಇಲ್ಲ ಎಂದು ಹೇಳಿಸಿದ. ನನ್ನ ವರದಿಯ ಬಾಣ ಗವರ್ನರ್‌ಪೇಟೆಯಲ್ಲೂ ಮೇಲಕ್ಕೇ ಹೋಗುತ್ತಿತ್ತು, ಹಾಳಾದ್ದು.

ಮೂರನೆಯದು ಒಬ್ಬ ಹೆಂಗಸು ನಡೆಸುವ ಅಂಗಡಿ. ಹದಿನೆಂಟು ವರ್ಷದಿಂದ ಚಿಗವ್ವನಿಗೆ ಪರಿಚಯ. ನಾನು ಬಾಯಿ ತೆರೆಯುವ ಮುಂಚೆಯೇ ಅವಳು ಎದ್ದು ಬಂದು ಚಿಗವ್ವನ ಭುಜ ಹಿಡಿದುಕೊಂಡಳು. ತನ್ನ ಹರಕು ಕನ್ನಡದಲ್ಲಿ, "ನಾನು ನಂಬಲೇ ಇಲ್ಲ ಚಿಗವ್ವಗಾರು. ಫೋಟೋ ನೋಡಿ ನಮ್ಮವರ ಜೊತೆ ಜಗಳ ಆಡಿದೆ. ನಿಮ್ಮನ್ನ ಅಂತಾರಾ ಯಾರಾದರೂ," ಎಂದಳು. ಅವಳ ಕಣ್ಣು ನಿಜವಾಗಿಯೂ ತುಂಬಿತ್ತು. ಮಜ್ಜಿಗೆ ತರಲು ಒಳಗೆ ಕೂಗಿ ಹೇಳಿದಳು. "ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದು ಚಾಪೆ ತೋರಿಸಿದಳು.

ಚಾಪೆಯ ಮೇಲೆ ನಾಲ್ಕು ರೇಷ್ಮೆ ಸೀರೆಗಳು ಬಿಚ್ಚಿ ಬಿದ್ದಿದ್ದವು. ಚಿಗವ್ವ ಕೂರಲು ಮೊಣಕಾಲು ಬಗ್ಗಿಸಿದಳು. ಆ ಹೆಂಗಸು ಮಾತಾಡುತ್ತಲೇ, ಭುಜದ ಮೇಲಿನ ಬಲಗೈಯನ್ನು ತೆಗೆಯದೆಯೇ, ಎಡಗೈಯಿಂದ ಆ ನಾಲ್ಕೂ ಸೀರೆಗಳನ್ನು ಬಾಚಿ ತನ್ನ ಕಡೆಗೆ ಎಳೆದುಕೊಂಡಳು. ಅವಳಿಗೆ ತಾನು ಹಾಗೆ ಮಾಡಿದ್ದು ಗೊತ್ತೇ ಆಗಲಿಲ್ಲ ಎಂದು ಕಾಣುತ್ತದೆ.

ಚಿಗವ್ವ ಬಗ್ಗಿದವಳು ಹಾಗೇ ನೆಟ್ಟಗಾದಳು.

"ಸಾಕವ್ವ," ಎಂದಳು ನನಗೆ. "ಮನಿಗೆ ಹೋಗೂಣು."

"ಇನ್ನೂ ಅಂಗಡಿ ಅದಾವಲ್ಲ ಚಿಗವ್ವಾ."

"ಅದಾವ," ಎಂದಳು. ಬೀದಿಗೆ ಇಳಿದ ಮೇಲೆ, ನನ್ನ ಕಡೆ ನೋಡದೆ, "ಈಕಿ ಮಗಳ ಮದಿವಿ ಸೀರಿ ಎಲ್ಲಾ ನಾನ ಮಡಿಚಿದ್ದೆ. ಅವರ ಮನ್ಯಾಗ ಕುಂತು, ಒಬ್ಬಾಕಿನ," ಎಂದಳು.

ಮಜ್ಜಿಗೆ ತಂದವಳು ಬಾಗಿಲಲ್ಲಿ ನಿಂತು ನಮ್ಮನ್ನು ಕೂಗುತ್ತಿದ್ದಳು. ನಾವು ತಿರುಗಿ ಹೋಗಲಿಲ್ಲ. ಪಟಮಟದ ಬಸ್ಸು ಬಂತು, ಚಿಗವ್ವ ಹತ್ತಿದಳು, ನಾನೂ ಹತ್ತಲು ಹೋದಾಗ ಬೇಡ ಎಂದು ಕೈ ಮಾಡಿದಳು. ಅದಾದ ಮೇಲೆ ಅವಳು ಗವರ್ನರ್‌ಪೇಟೆಗೆ ಕಾಲಿಟ್ಟಿಲ್ಲ.